ಅರಿವಿನ ದಾಸೋಹ

ಕರಸ್ಥಲದಲ್ಲಿ ಇಷ್ಟಲಿಂಗವನ್ನು ಇರಿಸಿ ಪೂಜಿಸುವ ಭಕ್ತನಿಗೆ ಗುಡಿಯ ಬಾಗಿಲು ಮುಚ್ಚಿದರೂ ಪೂಜೆ ನಿಲ್ಲುವುದಿಲ್ಲ. ಅವನ ದೇವನು ಅವನ ಅಂಗದ ಮೇಲೆಯೇ ಇರುವನು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಮಹಾಮಾರಿಯ ಕಾರಣದಿಂದ ನಾಡಿನ ಗುಡಿಗುಂಡಾರಗಳು ಮುಚ್ಚಿ, ಜಾತ್ರೆ ಉತ್ಸವಗಳು ನಿಂತಾಗ ಈ ಮಾತಿನ ಅರ್ಥವು ಅನೇಕರ ಅನುಭವಕ್ಕೆ ಬಂದಿತು. ತೇರು ನಿಂತಿತು, ಮನೆಯೊಳಗಿನ ಲಿಂಗಪೂಜೆ ನಿಲ್ಲಲಿಲ್ಲ.

ಅದೇ ತಿಂಗಳಲ್ಲಿ ಪಾಠಶಾಲೆಗಳ ಬಾಗಿಲುಗಳೂ ಮುಚ್ಚಿದವು. ಆಗ ಕೆಲವರು, "ಪೂಜೆಯು ಮನೆಯಲ್ಲಿ ನಡೆಯುವಂತೆ ವಿದ್ಯೆಯೂ ಮನೆಯಲ್ಲಿಯೇ ನಡೆಯಲಾರದೇ? ಶಾಲೆಯೇ ಏಕೆ ಬೇಕು?" ಎಂದು ಕೇಳಿದರು. ಪ್ರಶ್ನೆಯು ಮೇಲುನೋಟಕ್ಕೆ ಸಯುಕ್ತಿಕವಾಗಿ ತೋರುತ್ತದೆ. ಆದರೆ ಇಷ್ಟಲಿಂಗವು ಭಕ್ತನ ಕೈಗೆ ಬಂದ ಬಗೆ ಯಾವುದೆಂಬುದನ್ನು ಇಲ್ಲಿ ಮರೆಯಲಾಗಿದೆ. ಅದು ಗುರುವಿನ ಹಸ್ತದಿಂದ ಬಂದುದು. ಗುರುಕರುಣೆಯ ಸ್ಪರ್ಶವಿಲ್ಲದಿದ್ದರೆ ಅದು ಬರಿಯ ಶಿಲೆ. ಹಾಗೆಯೇ ಗುರುವಿನ ಮುಖ ಕಾಣದ ಎಳೆಯ ಮಗುವಿಗೆ ಪುಸ್ತಕವು ಬರಿಯ ಕಾಗದ. ಮೇಲಾಗಿ ಶರಣರ ಅರಿವು ಏಕಾಂತದಲ್ಲಿ ಮಾತ್ರ ಬೆಳೆದುದಲ್ಲ. ಕಲ್ಯಾಣದ ಅನುಭವಮಂಟಪದಲ್ಲಿ ಅಂಬಿಗನೂ ಮಡಿವಾಳನೂ ಸಮಗಾರನೂ ಒಂದೆಡೆ ಕುಳಿತು ಕೇಳಿದರು, ಕೇಳಿಸಿದರು. ಒಬ್ಬರ ಸಂಶಯವನ್ನು ಮತ್ತೊಬ್ಬರು ಕಳೆದರು. ಮಕ್ಕಳಿಗೆ ಅಂಥ ಮಂಟಪವೆಂದರೆ ಶಾಲೆಯೇ. ಆ ಮಂಟಪವು ಬರಿದಾದಾಗ ಆದ ನಷ್ಟವು ಪಾಠದ ನಷ್ಟ ಮಾತ್ರವಾಗಿರಲಿಲ್ಲ; ಸಂಗದ ನಷ್ಟವೂ ಆಗಿತ್ತು.

ಅನ್ನದ ನಷ್ಟವೂ ಆಯಿತು. ಕರ್ನಾಟಕದ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟದ ಯೋಜನೆಗೆ 'ಅಕ್ಷರ ದಾಸೋಹ'ವೆಂದು ಹೆಸರು. ಅಕ್ಷರವನ್ನೂ ದಾಸೋಹವನ್ನೂ ಕೂಡಿಸಿದ ಈ ಹೆಸರು ಶರಣರ ನಾಡಿಗೆ ತಕ್ಕುದಾಗಿದೆ. ಶಾಲೆ ಮುಚ್ಚಿದ ಮೇಲೆ ಅಕ್ಕಿ ಬೇಳೆಗಳನ್ನು ಮನೆಗಳಿಗೆ ಹಂಚಲಾಯಿತೆಂಬುದು ನಿಜ. ಆದರೆ ಸಹಪಂಕ್ತಿಯಲ್ಲಿ ಕುಳಿತು ಉಣ್ಣುವಾಗ ಮಗುವು ಕಲಿಯುವ ಸಮತೆಯ ಪಾಠವನ್ನು ಚೀಲದಲ್ಲಿ ಕಟ್ಟಿಕೊಡಲು ಬರುವುದಿಲ್ಲ.

ಇನ್ನು ಮನೆಯೊಳಗಿನ ಸ್ಥಿತಿಯನ್ನು ನೋಡಬೇಕು. ಒಂದು ಒಕ್ಕಲುಮನೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಮನೆಗೆಲ್ಲ ಇರುವುದು ಒಂದೇ ಮೊಬೈಲು. ಬೆಳಗಾದರೆ ಅದು ತಂದೆಯ ಜೇಬಿನಲ್ಲಿ ಹೊಲಕ್ಕೆ ಹೋಗುತ್ತದೆ. ಸಂಜೆ ಮರಳಿದ ಮೇಲೆ ಮಗನು ಮೊದಲು ಅದನ್ನು ಹಿಡಿಯುತ್ತಾನೆ. ಅವನಿಗಿಂತ ಎರಡು ವರ್ಷ ಹಿರಿಯಳಾದ ಮಗಳು ರೊಟ್ಟಿ ಬಡಿದು, ಮುಸುರೆ ತಿಕ್ಕಿ ಬರುವಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ. 2020ರ ಜುಲೈಯಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ'ವೆಂಬ ಪಾಠಗಳು ಪ್ರಸಾರವಾದವು. ಆದರೆ ಟೀವಿಯೇ ಇಲ್ಲದ ಮನೆಗೆ ಅವು ತಲುಪುವುದೆಂತು? ಹೀಗೆ ವಾರಗಳು ಉರುಳಿ ತಿಂಗಳುಗಳಾದವು. ಒಂದು ದಿನ ತಂದೆಯು, "ಶಾಲೆಯಂತೂ ಇಲ್ಲ. ಹುಡುಗ ನಾಳೆಯಿಂದ ಹತ್ತಿ ಬಿಡಿಸುವ ಕೂಲಿಗೆ ಬರಲಿ. ಕಾಯಕ ಮಾಡಿರೆಂದು ಶರಣರೇ ಹೇಳಿಲ್ಲವೇ?" ಎಂದನು. ಮೂಲೆಯಲ್ಲಿ ಕುಳಿತಿದ್ದ ಅವನ ತಾಯಿ ವಿಭೂತಿಯ ಗಟ್ಟಿಯನ್ನು ಕೆಳಗಿಟ್ಟು, "ಮಗಾ, ಸಂತೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುತ್ತೀಯಲ್ಲ! ಹಾಲುಹಲ್ಲಿನ ಕರುವಿಗೆ ನೊಗ ಕಟ್ಟುವೆಯಾ?" ಎಂದಳು.

ಈ ಮುದುಕಿಯ ಮಾತಿನಲ್ಲಿ ಕಾಯಕತತ್ತ್ವದ ಮರ್ಮವೇ ಅಡಗಿದೆ. ದುಡಿಮೆಯೆಲ್ಲವೂ ಕಾಯಕವಲ್ಲ. ಅರಿತು ಕೈಕೊಂಡುದು, ಸತ್ಯಶುದ್ಧವಾದುದು, ತನ್ನನ್ನು ಪೋಷಿಸಿ ದಾಸೋಹಕ್ಕೆ ಸಲ್ಲುವಂಥದು ಕಾಯಕ. ಅರಿವು ಮೂಡುವ ಮೊದಲೇ ಮಗುವಿನ ಹೆಗಲಿಗೆ ಹೊರಿಸಿದ ಕೂಲಿಯು ಕಾಯಕವಲ್ಲ. ಅದು ಕರುವಿಗೆ ಕಟ್ಟಿದ ನೊಗ. ಮನೆಯ ಕೆಲಸದಲ್ಲಿ ಮಗುವು ಕೈಜೋಡಿಸುವುದು ಸಂಸ್ಕಾರವೇ ಸರಿ. ಆದರೆ ಕಲಿಕೆಯನ್ನು ಕೊಂದು ಬರುವ ಸಂಪಾದನೆಗೆ ಶರಣರ ಹೆಸರನ್ನು ಅಂಟಿಸುವುದು ಶರಣರಿಗೆ ಮಾಡುವ ಅಪಚಾರ. 14 ವರ್ಷ ತುಂಬದ ಮಕ್ಕಳನ್ನು ಕೂಲಿಗೆ ಹಚ್ಚುವುದನ್ನು ದೇಶದ ಶಾಸನವೂ ನಿಷೇಧಿಸಿದೆ.

ಅದೇ ಮನೆಯ ಮಗಳ ಗತಿಯೇನು? ಶಾಲೆ ಮುಚ್ಚಿದ್ದ ಆ ಕಾಲದಲ್ಲಿ 18 ತುಂಬದ ಹೆಣ್ಣುಮಕ್ಕಳಿಗೆ ಸದ್ದಿಲ್ಲದೆ ಅಕ್ಷತೆ ಹಾಕಿದ ಮನೆಗಳಿದ್ದವು. ನಾಲ್ಕು ಜನರೊಳಗೆ ಲಗ್ನ ಮುಗಿದರೆ ಖರ್ಚು ಉಳಿಯಿತೆಂಬುದು ಹಿರಿಯರ ಲೆಕ್ಕ. ಹೆಣ್ಣಿಗೂ ಗಂಡಿಗೂ ಭೇದವಿಲ್ಲದೆ ಒಂದೇ ಲಿಂಗದೀಕ್ಷೆಯನ್ನು ಕೊಟ್ಟ ಧರ್ಮವಿದು. ಅಕ್ಕಮಹಾದೇವಿಯು ಅಲ್ಲಮಪ್ರಭುವಿನ ಪ್ರಶ್ನೆಗಳಿಗೆ ನಿರ್ಭಯವಾಗಿ ಉತ್ತರವಿತ್ತ ಪರಂಪರೆಯಿದು. ಮಗಳ ಕೊರಳಲ್ಲಿ ಲಿಂಗವನ್ನು ಕಟ್ಟಿ, ಅವಳ ಕೈಯಿಂದ ಪುಸ್ತಕವನ್ನು ಕಿತ್ತುಕೊಳ್ಳುವವನು ಅರ್ಧವನ್ನೇ ಕೊಟ್ಟವನಾದನು.

ಹಾಗೆಂದು ಆ ತಂದೆಯನ್ನು ನಿಂದಿಸಿ ಸುಮ್ಮನಿರುವುದು ಸುಲಭ, ಆದರೆ ನ್ಯಾಯವಲ್ಲ. ಅವನ ದಿನಗೂಲಿ ನಿಂತಿತ್ತು, ಪೇಟೆಗೆ ಒಯ್ದ ಫಸಲಿಗೆ ಬೆಲೆಯಿರಲಿಲ್ಲ. ಹಸಿದ ಮನೆಗೆ ನೀತಿಯನ್ನು ಮಾತ್ರ ಬಡಿಸಿದರೆ ಹೊಟ್ಟೆ ತುಂಬೀತೇ? ಇಲ್ಲಿಯೇ ನೆರೆಯವರ ಧರ್ಮವು ಆರಂಭವಾಗುತ್ತದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದವರಿಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ. ಬೇಕಾದುದಕ್ಕಿಂತ ಹೆಚ್ಚಿನ ಅಕ್ಕಿಯನ್ನು ಮರಳಿ ಅಲ್ಲಿಯೇ ಹಾಕಿ ಬರುವಂತೆ ಗಂಡನಿಗೆ ಬೋಧಿಸಿದಳು. ಸಾಮಾನ್ಯವಾಗಿ ಈ ಕಥೆಯನ್ನು ಧನಧಾನ್ಯಗಳಿಗೆ ಮಾತ್ರ ಅನ್ವಯಿಸುತ್ತಾರೆ. ಅರಿವಿಗೂ ಅದು ಅನ್ವಯಿಸುತ್ತದೆ. ಓದಿದವನ ಮನೆಯಲ್ಲಿ ಅಕ್ಷರವು ಹೆಚ್ಚಾಗಿದೆ. ಪಕ್ಕದ ಮನೆಯ ಮಗುವಿಗೆ ಅದರ ಕೊರತೆಯಿದೆ. ಆ ಹೆಚ್ಚಳವನ್ನು ಮರಳಿಸದೆ ಇಟ್ಟುಕೊಂಡರೆ ಅದೂ ಸಂಗ್ರಹವೇ. ಆ ದಿನಗಳಲ್ಲಿ ಊರಿನ ಕಾಲೇಜು ಹುಡುಗಿಯು ಕಟ್ಟೆಯ ಮೇಲೆ ನಾಲ್ಕು ಮಕ್ಕಳನ್ನು ದೂರ ದೂರ ಕೂರಿಸಿ ಮಗ್ಗಿ ಹೇಳಿಸಿದ್ದರೆ ಅದು ದಾಸೋಹ. ಸ್ಥಿತಿವಂತನು ತನ್ನ ಮಗನ ಮೊಬೈಲಿನ ಮುಂದೆ ನೆರೆಮನೆಯ ಮಗುವಿಗೂ ಜಾಗ ಕೊಟ್ಟಿದ್ದರೆ ಅದು ದಾಸೋಹ.

ಸರಕಾರಿ ಶಾಲೆಯ ಗುರುಗಳೂ ಇದೇ ದಾರಿಯನ್ನು ಹಿಡಿದರು. 2020ರ ಆಗಸ್ಟಿನಲ್ಲಿ ಕರ್ನಾಟಕದಲ್ಲಿ 'ವಿದ್ಯಾಗಮ'ವೆಂಬ ಕ್ರಮವು ಆರಂಭವಾಯಿತು. ಮಕ್ಕಳು ಶಾಲೆಗೆ ಬರಲಾಗದಿದ್ದಾಗ ಶಿಕ್ಷಕರೇ ಮಕ್ಕಳಿದ್ದೆಡೆಗೆ ಹೋದರು. ಗುಡಿಯ ಪೌಳಿ, ಸಮುದಾಯಭವನ, ಮರದ ನೆರಳು ಪಾಠದ ಮನೆಗಳಾದವು. ಸ್ಥಾವರವಾದ ಶಾಲೆಯು ಮುಚ್ಚಿದಾಗ ವಿದ್ಯೆಯು ಜಂಗಮವಾಗಿ ಓಣಿ ಓಣಿಯಲ್ಲಿ ನಡೆಯಿತು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವಾರ್ತೆಗಳು ಬಂದುದರಿಂದ ಅಕ್ಟೋಬರಿನಲ್ಲಿ ಅದನ್ನು ತಡೆಹಿಡಿಯಬೇಕಾಯಿತು. 2021ರ ಜನವರಿಯಲ್ಲಿ ಮತ್ತೆ ಆರಂಭಿಸಲಾಯಿತು. ಪ್ರಾಣಭಯದ ನಡುವೆಯೂ ನಡೆದುಹೋಗಿ ಕಲಿಸಿದ ಆ ಗುರುಗಳನ್ನು ನಾಡು ಮರೆಯಬಾರದು.

ಆದರೂ ನಷ್ಟವು ದೊಡ್ಡದಾಗಿಯೇ ಉಳಿಯಿತು. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿ 5 ರಾಜ್ಯಗಳಲ್ಲಿ 2ರಿಂದ 6ನೆಯ ತರಗತಿಯವರೆಗಿನ 16,067 ಮಕ್ಕಳನ್ನು ಪರೀಕ್ಷಿಸಿತು. ನೂರಕ್ಕೆ 92 ಮಕ್ಕಳು ಹಿಂದೆ ತಮಗೆ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಹಾಗೆ ಕಳೆದುಕೊಂಡವರು ನೂರಕ್ಕೆ 82. ಕಲಿಯದೆ ಉಳಿದುದು ಒಂದು ದುಃಖ. ಕಲಿತುದೂ ಅಳಿದುಹೋದುದು ಇನ್ನೊಂದು ದುಃಖ. ಕರ್ನಾಟಕದಲ್ಲಿ 1ರಿಂದ 5ನೆಯ ತರಗತಿಗಳು ಮತ್ತೆ ತೆರೆದುದು 2021ರ ಅಕ್ಟೋಬರ್ 25ರಂದು. 2020ರಲ್ಲಿ ಒಂದನೆಯ ತರಗತಿಗೆ ಸೇರಬೇಕಾಗಿದ್ದ ಮಗುವು ಆ ತರಗತಿಯ ಕೋಣೆಯನ್ನೇ ಕಾಣದೆ ಎರಡನೆಯದಕ್ಕೆ ಬಂದು ಕುಳಿತಿತು. 2022-23ರಲ್ಲಿ 'ಕಲಿಕಾ ಚೇತರಿಕೆ'ಯೆಂಬ ಕಾರ್ಯಕ್ರಮವನ್ನು ಸರಕಾರವು ನಡೆಸಿತು. ಆದರೆ ಎರಡು ವರ್ಷಗಳ ಬರವು ಒಂದು ಮಳೆಯಿಂದ ತೀರುವುದಿಲ್ಲ.

ಆದುದರಿಂದ ಶರಣಬಂಧುಗಳು, "ಮಾರಿ ಹೋಯಿತು, ಶಾಲೆ ತೆರೆಯಿತು, ಇನ್ನೇನು?" ಎಂದು ನೆಮ್ಮದಿಯಿಂದ ಇರಲಾಗದು. ಆ ಮಕ್ಕಳು ಇಂದು ದೊಡ್ಡವರಾಗುತ್ತಿದ್ದಾರೆ. ಮೇಲಿನ ತರಗತಿಯಲ್ಲಿದ್ದರೂ ತಪ್ಪಿಲ್ಲದೆ ಓದಲಾರದ ಹುಡುಗನನ್ನು ದಡ್ಡನೆಂದು ಹಳಿಯುವ ಮೊದಲು, ಅವನ ಕೈಗೆ ಅಕ್ಷರ ಸಿಗಬೇಕಾದ ವಯಸ್ಸಿನಲ್ಲಿ ಬಾಗಿಲು ಮುಚ್ಚಿತ್ತೆಂಬುದನ್ನು ನೆನೆಯಬೇಕು. ಹತ್ತಿಯ ಹೊಲಕ್ಕೆ ಹೋದ ಹುಡುಗನು ಮರಳಿ ಶಾಲೆಗೆ ಬಂದನೇ, ಬೇಗನೆ ಲಗ್ನವಾದ ಹುಡುಗಿಯು ಪರೀಕ್ಷೆಗೆ ಕುಳಿತಳೇ ಎಂದು ಪ್ರತಿಯೊಂದು ಓಣಿಯೂ ವಿಚಾರಿಸಬೇಕು. ಓದಬಲ್ಲವನು ಸಂಜೆಯ ಒಂದು ತಾಸನ್ನು ಒಂದು ಮಗುವಿಗೆ ಮೀಸಲಿಡಬೇಕು. ಅನ್ನವನ್ನು ನೀಡಿದಾಗ ಒಂದು ಹೊತ್ತಿನ ಹಸಿವು ಅಡಗುತ್ತದೆ. ಅರಿವನ್ನು ನೀಡಿದಾಗ ಮಗುವು ನಾಳೆ ತಾನೇ ದಾಸೋಹಿಯಾಗುತ್ತದೆ. ಲಕ್ಕಮ್ಮನ ಬೋಧೆಯನ್ನು ಕೇಳಿದ ಮಾರಯ್ಯನಂತೆ, ನಮ್ಮಲ್ಲಿ ಹೆಚ್ಚಾಗಿರುವ ಅಕ್ಷರವನ್ನು ಅದು ಸಲ್ಲಬೇಕಾದಲ್ಲಿಗೆ ಮರಳಿಸೋಣ.