ಬಸವನಹುಳುವಿನ ಲೆಕ್ಕ

ಪ್ರಾಣಿಯನ್ನು ಕೊಲ್ಲುವುದು ಸರಿಯೇ ತಪ್ಪೇ ಎಂಬ ಚರ್ಚೆ ಬಂದಾಗಲೆಲ್ಲ ನಮ್ಮಲ್ಲಿ ಮಾತು ಕುರಿ, ಕೋಳಿ, ಹಸುವಿನ ಸುತ್ತಲೇ ತಿರುಗುತ್ತದೆ. ಅಲ್ಲಿ ಎಲ್ಲರ ಪಕ್ಷವೂ ಮೊದಲೇ ನಿಶ್ಚಯವಾಗಿರುವುದರಿಂದ ಯಾರೂ ಯಾರಿಂದಲೂ ಏನನ್ನೂ ಕಲಿಯುವುದಿಲ್ಲ. ಆದ್ದರಿಂದ ಯಾರ ಪಕ್ಷಕ್ಕೂ ಸೇರದ ಒಂದು ಸಣ್ಣ ಜೀವವನ್ನು ಮುಂದಿಟ್ಟುಕೊಂಡು ಯೋಚಿಸೋಣ: ಮನೆಯ ಮೀನಿನ ತೊಟ್ಟಿಗೆ ಕರೆಯದೆ ಬಂದು ತುಂಬಿಕೊಳ್ಳುವ ಬಸವನಹುಳು.

ದಾವಣಗೆರೆಯಲ್ಲಿ ಈಗ ಗಾಜಿನ ತೊಟ್ಟಿ ಶ್ರೀಮಂತರ ಶೋಕಿಯಾಗಿ ಉಳಿದಿಲ್ಲ. ಡಾಕ್ಟರ ಕ್ಲಿನಿಕ್ಕಿನಲ್ಲಿದೆ, ಬಟ್ಟೆ ಅಂಗಡಿಯಲ್ಲಿದೆ, ಎರಡು ಕೋಣೆಯ ಬಾಡಿಗೆ ಮನೆಯಲ್ಲೂ ಇದೆ. ನಾಲ್ಕು ಗೋಲ್ಡ್ ಫಿಷ್, ಹತ್ತು ಗಪ್ಪಿ, ಜೊತೆಗೆ ಅಂದಕ್ಕೆಂದು ಒಂದೆರಡು ನೀರುಗಿಡ. ಬಸವನಹುಳು ಬರುವುದು ಈ ಗಿಡದ ಜೊತೆಯಲ್ಲೇ. ಎಲೆಯ ಅಡಿಯಲ್ಲಿ ಲೋಳೆಯ ಚುಕ್ಕೆಯಂತೆ ಅಂಟಿಕೊಂಡ ಮೊಟ್ಟೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವು ವಾರ ಕಳೆಯುವಷ್ಟರಲ್ಲಿ ಗಾಜಿನ ಮೇಲೆ ಎಳ್ಳಿನಷ್ಟು ಗಾತ್ರದ ಮರಿಗಳು ಹರಿದಾಡುತ್ತವೆ. ಇವುಗಳಲ್ಲಿ ಹೆಚ್ಚಿನ ಜಾತಿಗಳಿಗೆ ಗಂಡು ಹೆಣ್ಣು ಎರಡೂ ಒಂದೇ ದೇಹದಲ್ಲಿ. ಜೊತೆ ಸಿಗದಿದ್ದರೆ ಒಂಟಿಯಾಗಿಯೇ ಸಂತಾನ ಬೆಳೆಸಬಲ್ಲ ಜಾತಿಗಳೂ ಇವೆ. ಉದ್ದನೆಯ ಶಂಖದ ಇನ್ನೊಂದು ಬಗೆಯದು ಹಗಲು ಮರಳಿನೊಳಗೆ ಅಡಗಿದ್ದು ರಾತ್ರಿ ಹೊರಬರುತ್ತದೆ. ಒಂದೇ ಒಂದು ಬಂದರೆ ಸಾಕು, ನೂರಾಗಲು.

ನಮ್ಮ ಮನೆಮಾತು ಉರ್ದುವಿನಲ್ಲಿ ಇದಕ್ಕೆ ಘೋಂಘಾ ಎನ್ನುತ್ತೇವೆ. ಮಂಕನನ್ನು ಬೈಯುವುದಕ್ಕೂ ಅದೇ ಪದ. ಘೋಂಘಾ ಬಸಂತ್ ಎಂದರೆ ಪೂರಾ ಪೆದ್ದ. ಕನ್ನಡ ಇದಕ್ಕಿಂತ ಉದಾರ. ತಲೆಯ ಮೇಲಿನ ಎರಡು ಕೋಡುಗಳನ್ನು ನೋಡಿ ಬಸವನ ಹೆಸರನ್ನೇ ಇಟ್ಟಿತು. ಎರಡೂ ಭಾಷೆಗಳಲ್ಲಿ ಓದಿದ ನಮ್ಮಂಥವರಿಗೆ ಒಂದೇ ಪ್ರಾಣಿ ಒಮ್ಮೆ ಪೆದ್ದನಾಗಿಯೂ ಒಮ್ಮೆ ನಂದಿಯಾಗಿಯೂ ಕಾಣುತ್ತದೆ. ತೊಟ್ಟಿಯಲ್ಲಿ ಅದು ನೂರಾದಾಗ ಮಾತ್ರ ಎರಡೂ ಹೆಸರು ಮರೆತು ‘ಕಾಟ’ ಎನ್ನುತ್ತೇವೆ.

ಅದು ಮಾಡುವ ಕಾಟವಾದರೂ ಏನು? ಈ ಸಣ್ಣ ಹುಳುಗಳು ಮೀನನ್ನು ಕಚ್ಚುವುದಿಲ್ಲ. ಮೀನು ಬಿಟ್ಟ ಆಹಾರ, ಕೊಳೆತ ಎಲೆ, ಗಾಜಿನ ಮೇಲಿನ ಪಾಚಿ ತಿನ್ನುತ್ತವೆ. ಹೇಳಬೇಕೆಂದರೆ ತೊಟ್ಟಿಯ ಕಸ ಗುಡಿಸುವ ಕೆಲಸ ಅವುಗಳದ್ದು. ಅವುಗಳ ಸಂಖ್ಯೆ ಮಿತಿಮೀರುವುದಕ್ಕೆ ಮುಖ್ಯ ಕಾರಣ, ಅಲ್ಲಿ ಕಸ ಮಿತಿಮೀರಿದೆ ಎಂಬುದು. ಮಕ್ಕಳು ಬೆಳಿಗ್ಗೆ ಒಂದು ಚಿಟಿಕೆ ಹಾಕುತ್ತಾರೆ, ಅಜ್ಜಿ ಮಧ್ಯಾಹ್ನ ‘ಪಾಪ, ಬಾಯಿ ತೆರೆಯುತ್ತಿವೆ’ ಎಂದು ಇನ್ನೊಂದು ಚಿಟಿಕೆ, ಬಂದ ನೆಂಟರು ನಾಲ್ಕು ಕಾಳು ಮಂಡಕ್ಕಿ. ದಾವಣಗೆರೆಯಲ್ಲಿ ಮಂಡಕ್ಕಿಗೆ ಬರವೇ? ಮೀನು ತಿಂದು ಉಳಿದದ್ದು ತಳ ಸೇರುತ್ತದೆ, ತಳದಲ್ಲಿ ಬಸವನಹುಳು ಬೆಳೆಯುತ್ತದೆ. ನಮ್ಮ ಕೈ ಎಷ್ಟು ಹೆಚ್ಚು ಸುರಿಯಿತೆಂಬ ಲೆಕ್ಕವನ್ನು ಅದು ಗಾಜಿನ ಮೇಲೆ ಬರೆದಿಡುತ್ತದೆ. ಲೆಕ್ಕ ಬರೆದವನನ್ನು ಕೊಂದರೆ ಸಾಲ ತೀರುವುದೇ?

ಆದರೂ ಜನ ಮೊದಲು ಕೇಳುವುದು ಔಷಧಿಯನ್ನೇ. ಔಷಧಿ ಇದೆ. ತಾಮ್ರದ ಅಂಶ ಬಸವನಹುಳುವಿಗೆ ವಿಷ. ಅಡಿಕೆ ತೋಟದವರು ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಮೈಲುತುತ್ತ ಕೂಡ ತಾಮ್ರದ ಲವಣವೇ. ತಾಮ್ರವಿರುವ ಹನಿಗಳನ್ನು ತೊಟ್ಟಿಗೆ ಹಾಕಿದರೆ ಹುಳುಗಳು ಸಾಯುತ್ತವೆ, ಸಿಗಡಿ ಇದ್ದರೆ ಅದೂ ಸಾಯುತ್ತದೆ. ಮರಳಿನಡಿಯಲ್ಲಿ ಸತ್ತ ನೂರಾರು ಹುಳುಗಳು ಕೊಳೆತು ನೀರಿನಲ್ಲಿ ಅಮೋನಿಯಾ ಏರುತ್ತದೆ. ಯಾವ ಮೀನಿಗಾಗಿ ಇಷ್ಟೆಲ್ಲ ಮಾಡಿದೆವೋ ಆ ಮೀನೇ ಮೇಲೆ ಬಂದು ಬಾಯಿ ಬಿಡುತ್ತದೆ.

ಹದೀಸ್ ಗ್ರಂಥಗಳಲ್ಲಿ ಪ್ರವಾದಿಯೊಬ್ಬರ ಪ್ರಸಂಗ ಬರುತ್ತದೆ. ಅವರಿಗೆ ಒಂದು ಇರುವೆ ಕಚ್ಚಿತು. ಅವರು ಇರುವೆಗಳ ಇಡೀ ಗೂಡನ್ನೇ ಸುಡಿಸಿದರು. ಒಂದು ಇರುವೆಯ ತಪ್ಪಿಗೆ ದೇವರನ್ನು ಕೊಂಡಾಡುವ ಇಡೀ ಸಮುದಾಯವನ್ನು ನಾಶ ಮಾಡಿದಿರಾ ಎಂದು ಅಲ್ಲಾಹನು ಅವರನ್ನು ಆಕ್ಷೇಪಿಸಿದನು. ಕಚ್ಚಿದ ಇರುವೆಯ ಗೂಡಿಗೇ ಈ ನ್ಯಾಯವಿದ್ದರೆ, ಯಾರನ್ನೂ ಕಚ್ಚದ ಹುಳುವಿನ ವಿಷಯದಲ್ಲಿ ನಮ್ಮ ಕೈ ಇನ್ನೂ ಹೆಚ್ಚು ಯೋಚಿಸಬೇಕಲ್ಲವೇ?

ವಿಷ ಬೇಡವೆನ್ನುವ ಮೃದು ಮನಸ್ಸಿನವರು ಇನ್ನೊಂದು ದಾರಿ ಹೇಳುತ್ತಾರೆ. ಪಕ್ಕದ ಮನೆಯ ಅಕ್ಕ ‘ಹೊಳೆಗೆ ಬಿಟ್ಟು ಬನ್ನಿ, ಪುಣ್ಯ ಬರುತ್ತೆ’ ಎಂದರೆ, ನಮ್ಮ ಖಾಲಾ ‘ನದಿಯಲ್ಲಿ ಬಿಡಿ, ಸವಾಬ್ ಸಿಗುತ್ತೆ’ ಎನ್ನುತ್ತಾರೆ. ಹರಿಹರ ಎಷ್ಟು ದೂರ? ಬಸ್ಸು ಹತ್ತಿದರೆ ಅರ್ಧ ಗಂಟೆ. ಅಷ್ಟೂ ಬೇಡವೆಂದರೆ ಊರಲ್ಲೇ ಕುಂದವಾಡ ಕೆರೆ ಇದೆ. ಕೊಲ್ಲದೆ ಕೈ ತೊಳೆದುಕೊಳ್ಳಬಹುದು. ಎಲ್ಲಕ್ಕಿಂತ ಹೆಚ್ಚು ಪರೀಕ್ಷಿಸಬೇಕಾದ ದಯೆ ಇದೇ ಎಂದು ನಮಗೆ ಅನ್ನಿಸುತ್ತದೆ.

1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಶಂಖಜೀವಿಗಳ ಅಭ್ಯಾಸಿ ಮಾರಿಷಸ್‌ನಿಂದ ಆಫ್ರಿಕದ ದೈತ್ಯ ಬಸವನಹುಳುಗಳನ್ನು ಕಲ್ಕತ್ತೆಗೆ ತಂದ. ಅವು ಚೌರಂಗಿಯ ತೋಟವೊಂದನ್ನು ಸೇರಿದವು. ತಂದವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆ ನೆಲದ ಹುಳುವಿನ ಸಂತತಿ ಇಂದು ದೇಶದ ಹಲವು ರಾಜ್ಯಗಳಲ್ಲಿ ಬೆಳೆ ತಿನ್ನುತ್ತಿದೆ. ಕೊಡಗಿನ ಶನಿವಾರಸಂತೆ ಭಾಗದ ಕಾಫಿ ಬೆಳೆಗಾರರು ಅದನ್ನು ಆಯ್ದು ಆಯ್ದು ಸೋತಿದ್ದಾರೆ. ನೀರಿನ ಹುಳುವಿನ ಕಥೆಯೂ ಬೇರೆಯಲ್ಲ. ದಕ್ಷಿಣ ಅಮೆರಿಕದ ಬಂಗಾರದ ಬಣ್ಣದ ಬಸವನಹುಳುವನ್ನು 1980ರ ಸುಮಾರಿಗೆ ಆಹಾರಕ್ಕೆಂದು ತೈವಾನ್‌ಗೆ ಒಯ್ದರು. ತಿನ್ನುವವರು ಸಿಗಲಿಲ್ಲ, ಅವು ಹಳ್ಳಕೊಳ್ಳ ಸೇರಿದವು. ಮುಂದೆ ತೈವಾನ್, ಫಿಲಿಪೀನ್ಸ್, ವಿಯೆಟ್ನಾಂ ದೇಶಗಳ ಭತ್ತದ ಗದ್ದೆಗಳಲ್ಲಿ ನಾಟಿ ಮಾಡಿದ ಸಸಿಗಳನ್ನು ರಾತ್ರಿ ಕಳೆಯುವುದರೊಳಗೆ ಕತ್ತರಿಸತೊಡಗಿದವು. ಅಂಗಡಿಗಳಲ್ಲಿ ಅಲಂಕಾರಕ್ಕೆಂದು ಮಾರುವ ಹಳದಿ ಬಣ್ಣದ ದೊಡ್ಡ ಬಸವನಹುಳು ಇದೇ ಬಳಗಕ್ಕೆ ಸೇರಿದ್ದು. ಭದ್ರಾ ನಾಲೆಯ ನೀರು ನಂಬಿ ಭತ್ತ ಬೆಳೆಯುವ ಜಿಲ್ಲೆಯಲ್ಲಿ ಕುಳಿತು ಈ ಕಥೆಯನ್ನು ದೂರದ ಕಥೆಯೆಂದು ಕೇಳುವಂತಿಲ್ಲ.

‘ಕೆರೆಯಲ್ಲಿ ಮೊದಲೇ ಬಸವನಹುಳು ಇಲ್ಲವೇ?’ ಎಂದು ಕೇಳಬಹುದು. ಇವೆ. ಆದರೆ ಅಲ್ಲಿನ ಹುಳುವಿಗೂ ಅಲ್ಲಿನ ಬಾಯಿಗಳಿಗೂ ಬಹುಕಾಲದ ಲೆಕ್ಕಾಚಾರವಿದೆ. ನಮ್ಮ ಕೆರೆಗಳಿಗೆ ಬರುವ ಬಾಯ್ಕಳಕ ಕೊಕ್ಕರೆಯನ್ನು ನೋಡಿ. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಶಂಖದ ಹುಳುಗಳನ್ನು ಹಿಡಿದು ತಿನ್ನಲೆಂದೇ ಆದ ಕೊಕ್ಕು ಅದು. ಹೊರಗಿನಿಂದ ಬಂದ ಜಾತಿಗೆ, ಅದರ ಜೊತೆ ಬರುವ ರೋಗಕ್ಕೆ, ಇಂಥ ಲೆಕ್ಕಾಚಾರ ಇಲ್ಲದಿರಬಹುದು. ಕುರಿ ದನಗಳ ಪಿತ್ತಕೋಶಕ್ಕೆ ಸೇರುವ ಚಪ್ಪಟೆ ಹುಳು ಬೆಳೆಯುವುದೂ ಕೆಲವು ಜಾತಿಯ ನೀರಿನ ಬಸವನಹುಳುಗಳ ಮೈಯಲ್ಲೇ.

ಹೊಳೆ ಎಲ್ಲವನ್ನೂ ಒಯ್ಯುತ್ತದೆ ಎಂಬ ನಂಬಿಕೆಯ ಬೆಲೆ ಎಷ್ಟೆಂದು ಹರಿಹರದವರಿಗೆ ಹೇಳಿಕೊಡಬೇಕಾಗಿಲ್ಲ. 1980ರ ದಶಕದಲ್ಲಿ ಕಾರ್ಖಾನೆಯ ಕೊಳೆನೀರಿನಿಂದ ತುಂಗಭದ್ರೆಯಲ್ಲಿ ಮೀನುಗಳು ಸತ್ತು ತೇಲಿದಾಗ ಎಸ್.ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯದವರು ದಂಡೆಯ ಹಳ್ಳಿಗಳ ಜನರೊಂದಿಗೆ ಹೋರಾಟಕ್ಕೆ ಇಳಿದರು. ಕಾರ್ಖಾನೆಯ ಕೊಳವೆಗೂ ನಮ್ಮ ಪ್ಲಾಸ್ಟಿಕ್ ಬಕೆಟ್ಟಿಗೂ ಗಾತ್ರದಲ್ಲಿ ಅಜಗಜಾಂತರ. ಆದರೆ ‘ನಮ್ಮ ಕಣ್ಣೆದುರಿನಿಂದ ಹೋದರೆ ಆಯಿತು’ ಎನ್ನುವ ಮನಸ್ಸು ಎರಡರಲ್ಲೂ ಒಂದೇ. ಅದೂ ಅಲ್ಲದೆ ಆ ನೀರು ಬೇರೆಯವರದ್ದೂ ಅಲ್ಲ. ಹರಿಹರದ ಸಮೀಪದ ರಾಜನಹಳ್ಳಿಯಲ್ಲಿ ಎತ್ತಿದ ತುಂಗಭದ್ರೆಯೇ ದಾವಣಗೆರೆಯ ನಲ್ಲಿಗಳಿಗೆ ಬರುತ್ತದೆ, ನಲ್ಲಿಯಿಂದ ತೊಟ್ಟಿಗೆ ಬರುತ್ತದೆ.

ಹಾಗಾದರೆ ಮಾಡುವುದೇನು? ಮೊದಲ ಕೆಲಸ ಯಾರನ್ನೂ ಕೊಲ್ಲುವುದಿಲ್ಲ: ಆಹಾರ ಕಡಿಮೆ ಮಾಡುವುದು. ಎರಡು ಮೂರು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕಿ, ತಳದ ಕಸವನ್ನು ಕೊಳವೆಯಿಂದ ಎಳೆದು ತೆಗೆದರೆ ಮೊಟ್ಟೆಗಳೇ ಕಡಿಮೆಯಾಗುತ್ತವೆ. ಹೊಸ ಗಿಡವನ್ನು ನೇರ ತೊಟ್ಟಿಗಿಳಿಸದೆ ಬೇರೆ ಪಾತ್ರೆಯಲ್ಲಿ ಕೆಲವು ವಾರ ಇಟ್ಟು, ಎಲೆ ಎಲೆ ನೋಡಿ ಒರೆಸಬೇಕು. ಇದ್ದ ಹುಳುಗಳಿಗೆ ಸಂಜೆ ಒಂದು ಬಿಲ್ಲೆ ಸೌತೆಕಾಯಿಯನ್ನು ತಳಕ್ಕೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದರ ಮೇಲೆ ಗುಂಪು ಸೇರಿರುತ್ತವೆ, ಬಿಲ್ಲೆಯ ಸಮೇತ ಎತ್ತಬಹುದು. ವಾರಕ್ಕೆ ಎರಡು ಮೂರು ಸಲ ಹೀಗೆ ಮಾಡಿದರೆ ಸಂಖ್ಯೆ ಹಿಡಿತಕ್ಕೆ ಬರುತ್ತದೆ. ಪೂರ್ತಿ ಹೋಗುವುದಿಲ್ಲ, ಪೂರ್ತಿ ಹೋಗಬೇಕಾಗಿಯೂ ಇಲ್ಲ.

ಎತ್ತಿದ ಹುಳುಗಳನ್ನು ಏನು ಮಾಡುವುದು ಎಂಬುದೇ ಕಷ್ಟದ ಪ್ರಶ್ನೆ. ಅವುಗಳನ್ನು ತಿನ್ನುವ ಮೀನು ಸಾಕಿದವರಿಗೆ ಕೊಡಬಹುದು. ಅದೂ ಸಾವೇ, ಆದರೆ ಯಾರದೋ ಊಟವಾಗುವ ಸಾವು. ಅದಿಲ್ಲವಾದರೆ ಒಂದು ಕಲ್ಲಿನ ಒಂದೇ ಏಟು. ಉಪ್ಪು ಸುರಿದು ನೊರೆ ಉಕ್ಕಿಸಿ ಸಾಯಿಸುವುದಾಗಲಿ, ಬಿಸಿಲಿನಲ್ಲಿ ಒಣಗಲು ಬಿಡುವುದಾಗಲಿ ಕೂಡದು. ಬಸವನಹುಳುವಿಗೆ ನೋವು ತಿಳಿಯುತ್ತದೆಯೇ ಎಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಒಮ್ಮತವಿಲ್ಲದ ಕಡೆ ಸಂದೇಹದ ಲಾಭ ಹುಳುವಿಗೇ ಸಿಗಬೇಕು. ಪ್ರಾಣಿಯನ್ನು ಕೊಲ್ಲಬೇಕಾದಾಗಲೂ ಒಳ್ಳೆಯ ರೀತಿಯಲ್ಲಿ, ಕತ್ತಿ ಹರಿತ ಮಾಡಿಕೊಂಡು, ಹಿಂಸೆ ಕೊಡದೆ ಕೊಲ್ಲಬೇಕೆಂದು ಇಸ್ಲಾಮ್ ಕಲಿಸುವುದು ಬಕ್ರೀದಿನ ಕುರಿಗೆ ಮಾತ್ರ ಎಂದು ನಾವು ತಿಳಿದಿಲ್ಲ.

ನಮ್ಮ ಜೈನ ಸ್ನೇಹಿತರೊಬ್ಬರು ಇದನ್ನು ಒಪ್ಪುವುದಿಲ್ಲ. ‘ತೊಟ್ಟಿಯನ್ನೇ ಇಡದಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ’ ಎನ್ನುತ್ತಾರೆ. ಅವರ ಮಾತಿಗೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ, ಅವರು ಹೇಳಿದ್ದರಲ್ಲಿ ತೂಕವಿದೆ. ಆದರೆ ತೊಟ್ಟಿ ಇಟ್ಟಾಗಿದೆ. ಕೆರೆಯಲ್ಲಿ ಕೊಕ್ಕರೆ, ಮೀನು, ಬೇಸಿಗೆ, ಮಳೆ ಸೇರಿ ಮಾಡುವ ಕೆಲಸಕ್ಕೆ ನಾಲ್ಕು ಗಾಜಿನ ನಡುವೆ ಯಾರೂ ಇಲ್ಲ. ಆ ಗೋಡೆಗಳನ್ನು ಕಟ್ಟಿದವರು ನಾವಾದ್ದರಿಂದ ಆ ಕೆಲಸವೂ ನಮ್ಮದೇ. ಅದನ್ನು ವಿಷಕ್ಕೆ ಒಪ್ಪಿಸುವುದು ಸೋಮಾರಿತನ, ಹೊಳೆಗೆ ಒಪ್ಪಿಸುವುದು ಪುಣ್ಯದ ಹೆಸರಿನ ಸೋಮಾರಿತನ.

ಒಂದು ಜೀವವನ್ನು ನಮ್ಮ ಅಧೀನಕ್ಕೆ ತಂದುಕೊಂಡ ಮೇಲೆ ಅದರ ಹಸಿವು, ಅದರ ಸಂಖ್ಯೆ, ಅದರ ಸಾವು ಎಲ್ಲವೂ ನಮ್ಮ ಲೆಕ್ಕಕ್ಕೇ ಸೇರುತ್ತವೆ. ದಯೆ ಎಂದರೆ ಆ ಲೆಕ್ಕವನ್ನು ಬೇರೆಯವರ ಖಾತೆಗೆ ದಾಟಿಸದೆ ನಾವೇ ಹೊರುವುದು. ಅದು ದಿನವೂ ಶುರುವಾಗುವುದು ತೊಟ್ಟಿಯ ಮುಂದೆ ನಿಂತು, ಎರಡನೆಯ ಚಿಟಿಕೆಗೆ ಕೈ ಹಾಕುವ ಮೊದಲು.