ಸಾಕ್ಷಿಯ ಕಂಬಗಳು
(ಯೆಹೋಶುವ 22ನೆಯ ಅಧ್ಯಾಯ)

ರೂಬೇನ್ಯರೂ ಗಾದ್ಯರೂ ಮನಸ್ಸೆಯ ಅರ್ಧ ಕುಲದವರೂ ಯೊರ್ದನ್ ಹೊಳೆಯ ಬಳಿಯಲ್ಲಿ ದೊಡ್ಡದೊಂದು ಯಜ್ಞವೇದಿಯನ್ನು ಕಟ್ಟಿದಾಗ, ಮಿಕ್ಕ ಇಸ್ರಾಯೇಲ್ಯರು ಇವರು ದೇವದ್ರೋಹಿಗಳಾದರೆಂದು ನೆನಸಿ ಯುದ್ಧಕ್ಕೆ ಕೂಡಿಬಂದರು. ಆದರೆ ಫೀನೆಹಾಸನು ಮೊದಲು ಹೋಗಿ ವಿಚಾರಿಸಿದನು. ಅದು ಬಲಿಗಾಗಿ ಅಲ್ಲ, ಮುಂದಿನ ಮಕ್ಕಳಿಗೆ ಸಾಕ್ಷಿಯಾಗಿರಲೆಂದು ಕಟ್ಟಿದ್ದೆಂದು ತಿಳಿದ ಮೇಲೆ ಯುದ್ಧದ ಮಾತು ನಿಂತುಹೋಯಿತು.

ಇಂಥ ವಿಚಾರಣೆ ನಡೆಯದೆ ಹೋದ ಒಂದು ದೇಶದ ಸಂಗತಿಯನ್ನು ಕೇಳಿರಿ. ಕೆನಡಾದ ಪಡುಗಡಲ ತೀರದಲ್ಲಿ ಹೈಡಾ, ಗಿತ್‌ಕ್ಸಾನ್ ಮುಂತಾದ ಮೂಲನಿವಾಸಿಗಳು ಕೆಂಪು ಸೀಡರ್ ಎಂಬ ಮಹಾವೃಕ್ಷವನ್ನು ಕೆತ್ತಿ ಊರಿನಲ್ಲಿ ನಿಲ್ಲಿಸುತ್ತಾ ಬಂದಿದ್ದಾರೆ. ಇದಕ್ಕೆ ಟೋಟೆಮ್ ಕಂಬವೆಂದು ಹೆಸರು. ಅದರಲ್ಲಿ ಕಾಗೆ, ಹದ್ದು, ತೋಳ, ಕರಡಿಗಳ ರೂಪಗಳುಂಟು. ಅವು ಪೂಜೆಗಾಗಿ ಅಲ್ಲ. ಈ ಮನೆತನವು ಯಾವದು, ಇದರ ಹಿರಿಯರಿಗೆ ಏನೇನು ಸಂಭವಿಸಿತು, ಇವರ ಹಕ್ಕೇನು ಎಂಬದನ್ನು ತಿಳಿಸುವ ಕುರುಹುಗಳು. ಕಂಬವನ್ನೆತ್ತುವಾಗ ಔತಣಮಾಡಿ, ಬಂದವರಿಗೆ ಕಾಣಿಕೆಗಳನ್ನು ಕೊಟ್ಟು ಅವರನ್ನು ಸಾಕ್ಷಿಗಳನ್ನಾಗಿ ಮಾಡಿಕೊಳ್ಳುವರು. ಮಿಶನಿನ ಬೋಧಕರಲ್ಲಿ ಅನೇಕರು ಇದೆಲ್ಲಾ ವಿಗ್ರಹಾರಾಧನೆಯೆಂದೆಣಿಸಿದರು. ಅವರ ಒತ್ತಾಯವೂ ಸೇರಿ ಆ ಔತಣವು 1885ರಿಂದ 1951ರ ವರೆಗೆ ಕಾನೂನಿನಿಂದ ನಿಷೇಧಿಸಲ್ಪಟ್ಟಿತ್ತು. ಎಷ್ಟೋ ಕಂಬಗಳು ಕಡಿಯಲ್ಪಟ್ಟವು, ಎಷ್ಟೋ ದೂರದೇಶಗಳಿಗೆ ಹೋದವು. ವಿಗ್ರಹವನ್ನು ತ್ಯಜಿಸೆಂದು ಬೋಧಿಸುವದು ತಪ್ಪಲ್ಲ. ಇದು ವಿಗ್ರಹವೋ ಎಂದು ಆ ಮನೆಯವರನ್ನು ಕೇಳದೆ ಇದ್ದದ್ದೇ ತಪ್ಪು. ತಂದೆತಾಯಿಗಳನ್ನು ಸನ್ಮಾನಿಸಬೇಕೆಂದು ಕಲಿಸಿದ ಬಾಯಿಯೇ (ಬರೆಯಲು ನಾಚಿಕೆಯಾಗುತ್ತದೆ) ಹಿರಿಯರ ಹೆಸರನ್ನು ಕಡಿಸಿತು.

ವಿಕ್ಟೋರಿಯ ಪಟ್ಟಣದ ಎಮಿಲಿ ಕಾರ್ ಎಂಬ ಚಿತ್ರಗಾರ್ತಿಯು (1871–1945) 1907ರಲ್ಲಿ ಅಲಾಸ್ಕಕ್ಕೆ ಹೋಗಿದ್ದಾಗ ಈ ಕಂಬಗಳನ್ನು ಕಂಡು, ಅವು ನಿಂತಿರುವ ಊರುಗಳಲ್ಲಿಯೇ ಅವುಗಳ ಚಿತ್ರವನ್ನು ಬರೆದಿಡಬೇಕೆಂದು ನಿಶ್ಚಯಿಸಿದಳು. 1913ರಲ್ಲಿ ವ್ಯಾಂಕೂವರಿನಲ್ಲಿ ಸುಮಾರು 200 ಚಿತ್ರಗಳನ್ನು ಪ್ರದರ್ಶಿಸಿದಳು, ಸರಕಾರವು ಕೊಳ್ಳಲಿಲ್ಲ. 1928ರಲ್ಲಿ ಕಿಟ್‌ವಾಂಕೂಲ್ ಎಂಬ ಊರಿಗೆ ಹೋಗಿ, ಮಗುವನ್ನು ಹಿಡಿದಿರುವ ತಾಯಿಯ ಕಂಬವನ್ನು ಬರೆದಳು. ಕೂಸನ್ನು ಅಪ್ಪಿಕೊಂಡ ಆ ತಾಯಿಯನ್ನು ನೋಡಿ ಯಾವನು ಕೊಡಲಿಯನ್ನೆತ್ತುವನು?

ಆದರೂ ಈ ಜನರ ಕಾಲವು ತೀರುತ್ತಾ ಬಂತೆಂದು ಅವಳೂ ನೆನಸಿದ್ದಳು. ಅವರು ತೀರಿಹೋಗಲಿಲ್ಲ. 1958ರಲ್ಲಿ ಕಿಟ್‌ವಾಂಕೂಲಿನ ಹಿರಿಯರು ಜೀರ್ಣವಾಗುತ್ತಿದ್ದ ಕೆಲವು ಕಂಬಗಳನ್ನು ವಿಕ್ಟೋರಿಯದ ವಸ್ತುಸಂಗ್ರಹಾಲಯಕ್ಕೆ ಕೊಡಲು ಒಡಂಬಟ್ಟರು. ಅದಕ್ಕೆ ಅವರ ಷರತ್ತು ಹೀಗಿತ್ತು: ಅಂಥವೇ ಹೊಸ ಕಂಬಗಳನ್ನು ಕೆತ್ತಿಸಿ ತಮ್ಮ ಊರಿನಲ್ಲಿ ನಿಲ್ಲಿಸಬೇಕು; ತಮ್ಮ ಚರಿತ್ರೆಯನ್ನೂ ಭೂಮಿಯ ಮೇರೆಗಳನ್ನೂ ಕಟ್ಟಳೆಗಳನ್ನೂ ತಾವು ಹೇಳಿದಂತೆ ಅಚ್ಚುಹಾಕಿಸಬೇಕು. ಮರುವರುಷವೇ ಆ ಪುಸ್ತಕವು ಅಚ್ಚಾಯಿತು.