ಕಲ್ಲಿನಲ್ಲಿ ಇಲ್ಲದ ಕಣ್ಣೀರು

ಬನವಾಸಿ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಕೆಯಲ್ಲಿ ಕಾಳಗ. ಕೆಲವುಗಳಲ್ಲಿ ಆ ಜಗಳಕ್ಕೆ ಕಾರಣವಾದ ದನಗಳೂ ಇರುತ್ತವೆ. ನಡುವೆ, ಸತ್ತವನನ್ನು ಅಪ್ಸರೆಯರು ಎರಡೂ ಪಕ್ಕ ಹಿಡಿದು ಒಯ್ಯುತ್ತಾರೆ. ಮೇಲೆ ಲಿಂಗದೆದುರು ಕೂತವನೂ ಅವನೇ. ತುದಿಯಲ್ಲಿ ಸೂರ್ಯ, ಚಂದ್ರ.

ಅವನ ತಾಯಿ ಎಲ್ಲಿ? ಚಿತೆ ಏರಿದ ಹೆಂಡತಿಗಾದರೂ ಮಾಸ್ತಿಕಲ್ಲು ಉಂಟು. ಮನೆಯಲ್ಲಿ ಉಳಿದು ಅತ್ತವರಿಗೆ ಯಾವ ಕಲ್ಲೂ ಇಲ್ಲ.

ಹಲವು ವೀರಶಾಸನಗಳಲ್ಲಿ ಒಂದೇ ಶ್ಲೋಕ ಮತ್ತೆ ಮತ್ತೆ ಬರುತ್ತದೆ. ಗೆದ್ದರೆ ಸಿರಿ, ಸತ್ತರೆ ದೇವಕನ್ಯೆ; ದೇಹವೇ ಕ್ಷಣಿಕವಾದಾಗ ರಣದ ಸಾವಿಗೆ ಚಿಂತೆ ಏಕೆ ಎಂಬುದು ಅದರ ತಾತ್ಪರ್ಯ. ಲೆಕ್ಕ ಚುಕ್ತಾ. ಆದರೆ ಸ್ವರ್ಗ ಖಾತ್ರಿಯಾದ ಮೇಲೂ ಅಳುವವರು ಯಾರಿಗಾಗಿ ಅಳುತ್ತಾರೆ?

ಬನವಾಸಿಯನ್ನು ಮನಸಾರೆ ಹಾಡಿದ ಪಂಪನಿಗೆ ಈ ಲೆಕ್ಕ ಸಾಲಲಿಲ್ಲ. 941ರ ‘ವಿಕ್ರಮಾರ್ಜುನ ವಿಜಯ’ದ ನಾಯಕ ಅರ್ಜುನ. ಆದರೂ ಕರ್ಣ ಬಿದ್ದಾಗ ಕವಿ ಕತೆ ನಿಲ್ಲಿಸಿ, ಓದುಗನನ್ನೇ ‘ಅಣ್ಣ’ ಎಂದು ಕರೆದು, ನೆನೆಯುವುದಿದ್ದರೆ ಕರ್ಣನನ್ನು ನೆನೆ ಎನ್ನುತ್ತಾನೆ. ‘ಕರ್ಣ’ ಎಂದರೆ ಕಿವಿಯೂ ಹೌದಲ್ಲ, ಆ ಶ್ಲೇಷೆಯನ್ನೂ ಅಲ್ಲೇ ಹೂಡುತ್ತಾನೆ. ಹೆಣದ ಮುಂದೆ ಪದದಾಟವೇ ಎನಿಸಬಹುದು. ಕೇಳಿದರೆ ಗಂಟಲು ಕಟ್ಟುತ್ತದೆ.

ರನ್ನ ಇನ್ನೂ ಹತ್ತಿರ ಹೋಗುತ್ತಾನೆ. ‘ಗದಾಯುದ್ಧ’ದ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತ, ಸತ್ತವರನ್ನೇ ಎದುರಿಟ್ಟುಕೊಂಡು ಮಾತಾಡುತ್ತಾನೆ. ವೈರಿಯ ಮಗ ಅಭಿಮನ್ಯುವಿಗೂ ಕೈಮುಗಿಯುತ್ತಾನೆ. ದುಶ್ಶಾಸನನ ಬಳಿ ಅವನಿಗೆ ನೆನಪಾಗುವುದು ಪರಾಕ್ರಮವಲ್ಲ, ತಾಯಿಯ ಹಾಲು. ಮೊದಲು ತಾನು ಕುಡಿದ, ಆಮೇಲೆ ತಮ್ಮ. ಊಟದಲ್ಲೂ ಅದೇ ಸರದಿ. ಸಾವಿನಲ್ಲಿ ಮಾತ್ರ ತಮ್ಮ ಮುಂದಾಗಿಬಿಟ್ಟ. ರಕ್ತದ ವರ್ಣನೆ ಎಷ್ಟಿದ್ದರೂ ದುಃಖ ಒಳಬರುವುದು ಈ ಮನೆಯ ಸರದಿ ತಪ್ಪಿದ ಕಡೆಯಿಂದ. ದುಶ್ಶಾಸನನಂಥವನಿಗೂ ಓದುಗನ ಕಣ್ಣು ಒದ್ದೆಯಾಗುವುದು ಕವಿಯ ದೊಡ್ಡ ಕಳ್ಳತನವೇ ಸರಿ.

ಸತ್ತವನಿಗಾಗಿ ಕೇಳುಗರನ್ನು ಅಳಿಸುವ ಈ ಕೆಲಸ ಈಗಲೂ ಇಲ್ಲಿನ ತಾಳಮದ್ದಳೆಯಲ್ಲಿ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಹೊರಗೆ ಮಳೆ. ‘ಕರ್ಣಪರ್ವ’ದಲ್ಲಿ ರಥದ ಗಾಲಿ ಹೂತಮೇಲೆ, ಪಂಚೆಯುಟ್ಟು ಕೂತ ಅರ್ಥಧಾರಿಗೆ ಇರುವುದು ಮಾತೊಂದೇ. ಒಳ್ಳೆಯ ಅರ್ಥಧಾರಿಯಾದರೆ ಆ ಹೊತ್ತಿಗೆ ಅದನ್ನೂ ಕಡಿಮೆ ಮಾಡುತ್ತಾನೆ. ಭಾಗವತರ ಪದ್ಯ ಮುಗಿದು, ಮದ್ದಳೆ ನಿಂತು, ಹೆಂಚಿನ ಮೇಲಿನ ಮಳೆಯಷ್ಟೇ ಕೇಳುತ್ತದೆ.